ರಸ್ತೆಬದಿಯ ಚಿಕಿತ್ಸೆಯಿಂದ ಮರಣದ ಲೆಕ್ಕದವರೆಗೆ: ವೆಲ್ಲೂರಿನ ಸಮುದಾಯ ಆರೋಗ್ಯ ವಿಭಾಗ

ಭಾರತದ ಆಧುನಿಕ ವೈದ್ಯಕೀಯದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಆಸ್ಪತ್ರೆಗಳ ಚರಿತ್ರೆಯನ್ನೇ ಬರೆದಿದ್ದಾರೆ. ಕಟ್ಟಡ ಎದ್ದ ವರ್ಷ, ಹಾಸಿಗೆಗಳ ಸಂಖ್ಯೆ, ಮೊದಲ ಶಸ್ತ್ರಚಿಕಿತ್ಸೆ, ದಾನಿಗಳ ಹೆಸರು ಇವು ಅಲ್ಲಿ ಮುಖ್ಯವಾಗುತ್ತವೆ. ಆಸ್ಪತ್ರೆಯ ಬಾಗಿಲಿಗೆ ಬಾರದೆ ಉಳಿದವರ ಆರೋಗ್ಯವನ್ನು ತನ್ನ ಹೊಣೆ ಎಂದು ಭಾವಿಸಿದ ವಿಭಾಗವೊಂದು ಬೋಧನಾ ಆಸ್ಪತ್ರೆಗಳ ಒಳಗೇ ರೂಪುಗೊಂಡ ಬಗೆ ಇತಿಹಾಸಕಾರರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಮೊದಲು ನಿವಾರಕ ಹಾಗೂ ಸಾಮಾಜಿಕ ವೈದ್ಯಶಾಸ್ತ್ರವೆಂದೂ ಅನಂತರ ಸಮುದಾಯ ವೈದ್ಯಶಾಸ್ತ್ರವೆಂದೂ ಕರೆಯಿಸಿಕೊಂಡ ಈ ವಿಭಾಗವು ವೈದ್ಯ ವಿದ್ಯಾರ್ಥಿಗಳ ನಡುವೆ ದೀರ್ಘಕಾಲ ಲಘುವಾದ ಮಾತಿಗೆ ವಸ್ತುವಾಗಿತ್ತು. ಸೊಳ್ಳೆ, ನೊಣ, ಬಾವಿ, ಶೌಚಗುಂಡಿಗಳನ್ನು ಕುರಿತ ಪಾಠ ಎಂಬುದು ಅವರ ಸಾಮಾನ್ಯ ಅಭಿಪ್ರಾಯ. ಆದರೆ ಇದೇ ವಿಭಾಗವು ಒಂದು ಊರಿನಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿ ಕೆಲಸ ಮಾಡಿದಾಗ, ಸರ್ಕಾರದ ಯಾವ ದಾಖಲೆಯಲ್ಲೂ ಕಾಣದ ಸತ್ಯವೊಂದು ಬೆಳಕಿಗೆ ಬಂದಿತು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ನಿದರ್ಶನದಲ್ಲಿ ಈ ಬೆಳವಣಿಗೆಯನ್ನು ಸ್ಪಷ್ಟವಾಗಿ ಗುರುತಿಸಬಹುದು. ಹಿಂದಿನ ಮದರಾಸು ಪ್ರಾಂತದ ಉತ್ತರ ಆರ್ಕಾಟು ಜಿಲ್ಲೆಗೆ ಸೇರಿದ್ದ ಈ ಪಟ್ಟಣ ಕೋಲಾರ ಸೀಮೆಗೆ ಹತ್ತಿರದ್ದು. ಕರ್ನಾಟಕದ ಗಡಿಭಾಗದ ರೋಗಿಗಳಿಗೆ ಇದು ತಲೆಮಾರುಗಳಿಂದ ಪರಿಚಿತ.

ಈ ಸಂಸ್ಥೆಯ ಸ್ಥಾಪಕಿ ಐಡಾ ಸೋಫಿಯಾ ಸ್ಕಡರ್ 1870ರಲ್ಲಿ ರಾಣಿಪೇಟೆಯಲ್ಲಿ ಜನಿಸಿದರು. ಅವರದು ತಲೆಮಾರುಗಳಿಂದ ವೈದ್ಯ ಮಿಷನರಿಗಳ ಮನೆತನ. ಒಂದೇ ರಾತ್ರಿ ಮೂವರು ಗಂಡಸರು ಒಬ್ಬರಾದ ಮೇಲೊಬ್ಬರು ಬಂದು ಹೆರಿಗೆಯಲ್ಲಿ ನರಳುತ್ತಿದ್ದ ತಮ್ಮ ಹೆಂಡಂದಿರ ನೆರವಿಗೆ ಯುವತಿ ಐಡಾ ಅವರನ್ನು ಕರೆದರೆಂದೂ, ಆಕೆಯ ತಂದೆ ವೈದ್ಯರಾಗಿದ್ದರೂ ಪರಪುರುಷನ ಕೈ ಸೋಕಕೂಡದೆಂದು ಅವರನ್ನು ಒಲ್ಲದೆ ಹೋದರೆಂದೂ, ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡರೆಂದೂ ಪ್ರಸಿದ್ಧವಾದ ಕಥನವೊಂದಿದೆ. ಮತ್ತೆ ಮತ್ತೆ ಹೇಳಲ್ಪಟ್ಟು ಈ ಕಥನಕ್ಕೆ ದೃಷ್ಟಾಂತದ ರೂಪ ಬಂದಿರುವುದು ಸಹಜ. ಚರಿತ್ರೆಯ ದೃಷ್ಟಿಯಿಂದ ಮುಖ್ಯವಾದುದು ಅದು ಸೂಚಿಸುವ ಸಾಮಾಜಿಕ ಸ್ಥಿತಿ. ವೈದ್ಯನಿದ್ದ, ಔಷಧವಿತ್ತು, ಮನೆಯೂ ಹತ್ತಿರದಲ್ಲೇ ಇತ್ತು. ಆದರೂ ಚಿಕಿತ್ಸೆ ತಲುಪಲಿಲ್ಲ. ರೋಗಕ್ಕೂ ಮದ್ದಿಗೂ ನಡುವೆ ಸಮಾಜವಿರುತ್ತದೆ ಎಂಬ ಅರಿವು, ಆ ಹೆಸರಿನ ಶಾಸ್ತ್ರ ಹುಟ್ಟುವುದಕ್ಕೆ ಮುನ್ನವೇ, ಈ ಸಂಸ್ಥೆಯ ಮೂಲದಲ್ಲಿತ್ತು ಎನ್ನಬಹುದು.

ಐಡಾ ಅಮೆರಿಕೆಯ ಕಾರ್ನೆಲ್ ವೈದ್ಯಕೀಯ ಕಾಲೇಜಿನಿಂದ 1899ರಲ್ಲಿ ಪದವಿ ಪಡೆದು 1900ರಲ್ಲಿ ವೆಲ್ಲೂರಿಗೆ ಮರಳಿದರು. ಮೊದಲು ಸಣ್ಣ ಔಷಧಾಲಯ, 1902ರಲ್ಲಿ ಮೇರಿ ಟೇಬರ್ ಶೆಲ್ ಆಸ್ಪತ್ರೆ, 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ಹೀಗೆ ಕೆಲಸ ವಿಸ್ತರಿಸಿತು. ಪ್ರಸ್ತುತ ವಿಷಯಕ್ಕೆ ಇವೆಲ್ಲಕ್ಕಿಂತ ಹತ್ತಿರವಾದುದು 1909ರಲ್ಲಿ ಆರಂಭವಾದ ‘ರಸ್ತೆಬದಿ’ ಚಿಕಿತ್ಸೆ. ಆ ವರ್ಷ ಒದಗಿದ ಪ್ಯೂಜೋ ಕಾರಿನಲ್ಲಿ ವೈದ್ಯೆಯೂ ಸಹಾಯಕರೂ ಔಷಧದ ಪೆಟ್ಟಿಗೆಗಳೊಡನೆ ವಾರಕ್ಕೊಮ್ಮೆ ಗುಡಿಯಾತ್ತಂ ಕಡೆಗೆ ಹೊರಡುತ್ತಿದ್ದರು. ದಾರಿಯಲ್ಲಿ ಗೊತ್ತಾದ ಮರಗಳ ಕೆಳಗೆ ರೋಗಿಗಳು ಕಾದು ಕುಳಿತಿರುತ್ತಿದ್ದರು. ಹುಣ್ಣುಗಳನ್ನು ತೊಳೆದು ಕಟ್ಟುವುದು, ಕಣ್ಣಿಗೆ ಔಷಧ ಹಾಕುವುದು, ಬಾವು ಕೊಯ್ಯುವುದು, ಆಸ್ಪತ್ರೆಗೆ ಬರಲೇಬೇಕಾದವರನ್ನು ಗುರುತಿಸುವುದು ಅಲ್ಲಿಯ ಕೆಲಸ. ಮುಂದೆ ಬಸ್ಸುಗಳು ಬಂದವು, ನಿಲುಗಡೆಗಳು ಹೆಚ್ಚಿದವು, ವಿದ್ಯಾರ್ಥಿನಿಯರೂ ಜೊತೆಗೆ ಹೋಗತೊಡಗಿದರು.

ರಸ್ತೆಬದಿಯ ಈ ಚಿಕಿತ್ಸೆಯನ್ನೇ ಸಮುದಾಯ ವೈದ್ಯಶಾಸ್ತ್ರದ ಆರಂಭವೆಂದು ಕರೆಯುವುದು ರೂಢಿಯಾಗಿದೆ. ಈ ಮಾತನ್ನು ಸ್ವಲ್ಪ ತಡೆದು ಒಪ್ಪಬೇಕು. ಮರದಡಿಯಲ್ಲಿ ಕುಳಿತ ವೈದ್ಯರೂ ಬಂದವರನ್ನೇ ನೋಡುತ್ತಿದ್ದರು. ಬಾರದವರು ಯಾರು, ಅವರು ಎಷ್ಟು ಮಂದಿ ಎಂಬ ಲೆಕ್ಕ ಅವರಲ್ಲಿರಲಿಲ್ಲ. ಆಸ್ಪತ್ರೆಯೇ ಚಕ್ರದ ಮೇಲೆ ಊರಿನತ್ತ ಚಲಿಸಿತೇ ಹೊರತು ಅದರ ನೋಟ ಬದಲಾಗಿರಲಿಲ್ಲ. ಈ ಬದಲಾವಣೆಗೆ ಒಂದು ಮಟ್ಟಿಗೆ ಕಾರಣವಾದುದು ಕುಷ್ಠರೋಗ. ಉತ್ತರ ಆರ್ಕಾಟಿನಲ್ಲಿ ಈ ರೋಗ ವ್ಯಾಪಕವಾಗಿತ್ತು. ಕುಷ್ಠರೋಗಿ ಬಚ್ಚಿಟ್ಟುಕೊಳ್ಳುತ್ತಾನೆ, ಅವನ ಮನೆಯವರೂ ಬಚ್ಚಿಡುತ್ತಾರೆ. ಕಾದು ಕುಳಿತರೆ ಅವನು ಬರುವುದು ಬೆರಳುಗಳು ಸವೆದ ಮೇಲೆ. ಆದಕಾರಣ ಮನೆಮನೆಗೆ ಹೋಗಿ ಹುಡುಕುವುದು, ಕಂಡುದನ್ನು ಬರೆದಿಡುವುದು, ಮತ್ತೆ ಹೋಗಿ ನೋಡುವುದು ಅನಿವಾರ್ಯವಾಯಿತು. ಪಾಲ್ ಬ್ರ್ಯಾಂಡ್ ಅವರು 1940ರ ದಶಕದ ಕೊನೆಯಲ್ಲಿ ಕುಷ್ಠರೋಗಿಗಳ ಮಡಚಿಹೋದ ಕೈಗಳಿಗೆ ನಡೆಸಿದ ಶಸ್ತ್ರಚಿಕಿತ್ಸೆ ಜಗತ್ಪ್ರಸಿದ್ಧವಾಯಿತು. ಊರೂರು ಅಲೆದು ಪಟ್ಟಿ ತಯಾರಿಸಿದವರ ಹೆಸರುಗಳು ಅಷ್ಟು ಪ್ರಸಿದ್ಧವಾಗಲಿಲ್ಲ.

ಇದೇ ಕಾಲಕ್ಕೆ ದೇಶದ ಮಟ್ಟದಲ್ಲಿ ಮತ್ತೊಂದು ಚಿಂತನೆ ರೂಪುಗೊಳ್ಳುತ್ತಿತ್ತು. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ 1943ರಲ್ಲಿ ನೇಮಕವಾದ ಸಮಿತಿ 1946ರಲ್ಲಿ ವರದಿ ಒಪ್ಪಿಸಿತು. ಸಾವಿರ ಕೂಸುಗಳು ಹುಟ್ಟಿದರೆ 162 ಕೂಸುಗಳು ವರ್ಷ ತುಂಬುವ ಮೊದಲೇ ಸಾಯುವ, 6,300 ಜನಕ್ಕೆ ಒಬ್ಬ ವೈದ್ಯನಿರುವ ದೇಶಕ್ಕೆ ಎಂಥ ವೈದ್ಯ ಬೇಕು ಎಂಬುದು ಅದರ ಮುಂದಿದ್ದ ಪ್ರಶ್ನೆ. ಆಕ್ಸ್‌ಫರ್ಡಿನಲ್ಲಿ ಸಾಮಾಜಿಕ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜಾನ್ ರೈಲ್, ವೈದ್ಯಕೀಯದ ಇತಿಹಾಸಕಾರ ಹೆನ್ರಿ ಸಿಗರಿಸ್ಟ್ ಮೊದಲಾದವರ ಸಲಹೆಯನ್ನೂ ಸಮಿತಿ ಪಡೆಯಿತು. ರೋಗಿಯನ್ನು ಮಾತ್ರವಲ್ಲದೆ ಅವನ ಮನೆ, ದುಡಿಮೆ, ಊಟಗಳನ್ನೂ ಕಾಣಬಲ್ಲ ‘ಸಾಮಾಜಿಕ ವೈದ್ಯ’ನನ್ನು ಕಾಲೇಜುಗಳು ತಯಾರಿಸಬೇಕೆಂದೂ, ಅದಕ್ಕಾಗಿ ಪ್ರತಿಯೊಂದು ಕಾಲೇಜಿನಲ್ಲಿ ಪ್ರತ್ಯೇಕ ವಿಭಾಗ ಬೇಕೆಂದೂ, ವಿದ್ಯಾರ್ಥಿಗಳಿಗೆ ಮೂರು ತಿಂಗಳ ತರಬೇತಿ ಬೇಕೆಂದೂ ವರದಿ ಶಿಫಾರಸು ಮಾಡಿತು.

ಕನ್ನಡ ನಾಡಿಗೆ ಈ ವಿಚಾರ ಪೂರ್ತಿ ಹೊಸದಾಗಿರಲಿಲ್ಲ. ಮೈಸೂರು ಸಂಸ್ಥಾನವು 1920ರ ದಶಕದ ಕೊನೆಯಲ್ಲಿಯೇ ರಾಕ್‌ಫೆಲ್ಲರ್ ಪ್ರತಿಷ್ಠಾನದ ಸಹಕಾರದೊಡನೆ ಮಂಡ್ಯದಲ್ಲಿ ಆರೋಗ್ಯ ಘಟಕವನ್ನು ತೆರೆದಿತ್ತು. ಮಲೇರಿಯಾ ಅಧ್ಯಯನಕ್ಕೆ ನಗೇನಹಳ್ಳಿ, ಮೂಡಿಗೆರೆ, ಹಿರಿಯೂರುಗಳಲ್ಲಿ ಕೇಂದ್ರಗಳಿದ್ದವು. ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರಗಳನ್ನು ತೆರೆಯಲು ಸಂಸ್ಥಾನ 1930ರಲ್ಲಿ ಆದೇಶ ಹೊರಡಿಸಿದುದೂ ಸುಪರಿಚಿತ ಸಂಗತಿ. ಆದರೆ ಇವೆಲ್ಲ ಆರೋಗ್ಯ ಇಲಾಖೆಯ ಕಾರ್ಯಗಳು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡ ವೈದ್ಯಕೀಯ ಕಾಲೇಜು ಬೇರೆಯೇ ದಾರಿಯಲ್ಲಿ ಸಾಗಿತ್ತು. ಹಳ್ಳಿಯ ಆರೋಗ್ಯ ಇಲಾಖೆಗೆ, ರೋಗಿಯ ದೇಹ ಕಾಲೇಜಿಗೆ ಎಂಬ ಹಂಚಿಕೆ ದೇಶದ ಉದ್ದಗಲಕ್ಕೂ ಇತ್ತು. ಭೋರ್ ಸಮಿತಿಯ ಆಶಯ ಈ ಹಂಚಿಕೆಯನ್ನು ಮುರಿಯುವುದಾಗಿತ್ತು.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ವಿಭಾಗಗಳೇನೋ ಎಲ್ಲೆಡೆ ಸ್ಥಾಪನೆಯಾದವು. ಬಹಳಷ್ಟು ಕಡೆ ಅವು ಉಪನ್ಯಾಸದ ಕೊಠಡಿ, ಮಾದರಿಗಳ ಸಂಗ್ರಹ, ವರ್ಷಕ್ಕೊಮ್ಮೆ ನೀರು ಶುದ್ಧೀಕರಣ ಕೇಂದ್ರಕ್ಕೆ ಪ್ರವಾಸ ಇಷ್ಟರಲ್ಲೇ ಉಳಿದವು. ವೆಲ್ಲೂರಿನಲ್ಲಿ ಹಾಗಾಗದಿರಲು ಹಿಂದಿನ ರಸ್ತೆಬದಿಯ ಪರಂಪರೆ ಸಹಾಯಕವಾಯಿತು. ಕಾಲೇಜಿರುವ ಬಾಗಾಯಂ ಪ್ರದೇಶಕ್ಕೆ ಹೊಂದಿಕೊಂಡ ಕಣಿಯಂಬಾಡಿ ಬ್ಲಾಕ್ ವಿಭಾಗದ ಕಾರ್ಯಕ್ಷೇತ್ರವಾಯಿತು. 2000ದ ಸುಮಾರಿಗೆ ಅಲ್ಲಿಯ ಜನಸಂಖ್ಯೆ 1,08,000. ಇಲ್ಲಿಯೇ ಹಿಂದೆ ಹೇಳಿದ ನೋಟದ ಬದಲಾವಣೆ ಪೂರ್ಣಗೊಂಡಿತು. ಬಂದ ರೋಗಿಗಳಿಗೆ ಬದಲಾಗಿ ಒಂದು ಗೊತ್ತಾದ ಗಡಿಯೊಳಗಿನ ಸಮಸ್ತ ಜನರೂ ವಿಭಾಗದ ಹೊಣೆಯಾದರು. ಆರೋಗ್ಯವಂತರೂ ಲೆಕ್ಕಕ್ಕೆ ಬಂದರು.

ಈ ಏರ್ಪಾಡಿನ ತಳದಲ್ಲಿದ್ದವಳು ಅದೇ ಹಳ್ಳಿಯ ಹೆಂಗಸು. ಅರೆಕಾಲಿಕ ಆರೋಗ್ಯ ಕಾರ್ಯಕರ್ತೆ ಎಂಬುದು ಅವಳ ಹುದ್ದೆಯ ಹೆಸರು. ಅವಳ ಮೇಲೆ ಕೆಲವು ಹಳ್ಳಿಗಳನ್ನು ನೋಡಿಕೊಳ್ಳುವ ಆರೋಗ್ಯ ಸಹಾಯಕಿ, ಅವಳ ಮೇಲೆ ಸಮುದಾಯ ಆರೋಗ್ಯ ದಾದಿ, ಕೊನೆಗೆ ವೈದ್ಯ ಹೀಗೆ ನಾಲ್ಕು ಮೆಟ್ಟಿಲುಗಳು. ಯಾರು ಮುಟ್ಟು ನಿಂತು ಬಸಿರಾಗಿದ್ದಾಳೆ, ಯಾರ ಮನೆಯಲ್ಲಿ ಕೂಸು ಹುಟ್ಟಿತು, ಯಾರು ತೀರಿಕೊಂಡರು, ಯಾವ ಸೊಸೆ ಹೊಸದಾಗಿ ಊರಿಗೆ ಬಂದಳು ಎಂಬುದನ್ನು ಕಾರ್ಯಕರ್ತೆ ತಿಳಿಸುವಳು. ಸಹಾಯಕಿ ಅದನ್ನು ತಾಳೆ ನೋಡಿ ಬರೆದುಕೊಳ್ಳುವಳು. ದಾದಿಯ ಮತ್ತು ವೈದ್ಯರ ಸಂಚಾರಿ ತಂಡಗಳು ಗೊತ್ತಾದ ದಿನಗಳಲ್ಲಿ ಊರಿಗೆ ಬಂದು ಗರ್ಭಿಣಿಯರನ್ನೂ ಕೂಸುಗಳನ್ನೂ ದೀರ್ಘಕಾಲದ ರೋಗಿಗಳನ್ನೂ ನೋಡುವುವು. ಹೆರಿಗೆ ಕಷ್ಟವಾದೀತೆಂದು ತೋರಿದವರನ್ನು ಬಾಗಾಯಂನಲ್ಲಿ ವಿಭಾಗವೇ ನಡೆಸುವ, ಕಡಿಮೆ ವೆಚ್ಚದ ಆಸ್ಪತ್ರೆಗೆ ಕಳುಹಿಸಲಾಗುವುದು. ಅಲ್ಲಿಯೂ ಆಗದಿದ್ದರೆ ಪಟ್ಟಣದ ದೊಡ್ಡಾಸ್ಪತ್ರೆ. ಊರಿನ ಸೂಲಗಿತ್ತಿಯರನ್ನು ಹೊರಗಿಡದೆ ಅವರಿಗೆ ತರಬೇತಿ ನೀಡಿದುದು ಈ ಪದ್ಧತಿಯ ಒಂದು ವಿವೇಕ.

ಇಲ್ಲಿ ದಾಖಲೆಯೆಂಬುದು ಸೇವೆಯ ಜೊತೆಗೇ ಬೆಳೆದುದು ಗಮನಾರ್ಹ. ಜನಗಣತಿಯ ನೌಕರ ಹತ್ತು ವರ್ಷಕ್ಕೊಮ್ಮೆ ಬಂದು ಕೇಳಿ ಹೋಗುತ್ತಾನೆ. ಇಲ್ಲಿ ಕೇಳುವವಳು ನೆರೆಮನೆಯವಳು, ಬಸುರಿಯಾದಾಗ ಕಬ್ಬಿಣಾಂಶದ ಮಾತ್ರೆ ತಂದುಕೊಟ್ಟವಳು. ಅವಳಿಗೆ ಸುಳ್ಳು ಹೇಳುವುದು ಕಷ್ಟ, ಹೇಳಿದರೂ ನಿಲ್ಲುವುದಿಲ್ಲ. 1980ರ ದಶಕದಲ್ಲಿ ಈ ದಾಖಲೆಗಳು ಗಣಕಯಂತ್ರಕ್ಕೆ ಸೇರಿದವು. ಅದರ ಪರಿಣಾಮವಾಗಿ ಒಂದು ಲಕ್ಷ ಜನರ ಜನನ ಮರಣಗಳ ವರ್ಷಾನುವರ್ಷದ ಲೆಕ್ಕ ಬೋಧನಾ ಆಸ್ಪತ್ರೆಯೊಂದರ ಕೈಗೆ ಬಂದಿತು. ಇದೇ ದಶಕದಲ್ಲಿ ಕಾಲೇಜಿನ ವೈರಾಣುಶಾಸ್ತ್ರ ವಿಭಾಗದ ಟಿ. ಜೇಕಬ್ ಜಾನ್ ಮತ್ತು ಸಂಗಡಿಗರು ಉತ್ತರ ಆರ್ಕಾಟಿನಲ್ಲಿ ಕೈಗೊಂಡ ಪ್ರಯೋಗವನ್ನೂ ಇಲ್ಲಿ ನೆನೆಯಬಹುದು. ಜಿಲ್ಲೆಯ ಆಸ್ಪತ್ರೆಗಳ ವೈದ್ಯರು ತಾವು ಕಂಡ ಸಾಂಕ್ರಾಮಿಕ ರೋಗಗಳನ್ನು ಅಚ್ಚು ಮಾಡಿದ ಅಂಚೆಕಾರ್ಡಿನಲ್ಲಿ ಬರೆದು ಕಳುಹಿಸುವುದು, ಅವನ್ನು ಒಟ್ಟುಗೂಡಿಸಿ ಎಲ್ಲರಿಗೂ ಮಾಸಿಕ ವರದಿ ಹಂಚುವುದು, ಇಷ್ಟೇ ಅದರ ಕ್ರಮ. ದುಬಾರಿ ಯಂತ್ರಗಳಿಲ್ಲದೆ ರೋಗದ ಸುಳಿವು ಹಿಡಿಯಬಹುದೆಂಬುದನ್ನು ಅದು ತೋರಿಸಿತು.

ವಿದ್ಯಾರ್ಥಿಗಳ ಶಿಕ್ಷಣದಲ್ಲಿ ಹಳ್ಳಿಯ ಸ್ಥಾನವೂ ಇಲ್ಲಿ ಬೇರೆ. ವೈದ್ಯ ವಿದ್ಯಾರ್ಥಿಗಳು ಮೊದಲ ವರ್ಷದಲ್ಲಿಯೇ, ಸ್ಟೆತಾಸ್ಕೋಪಿನ ಬಳಕೆ ಕಲಿಯುವ ಮೊದಲೇ, ಕೆಲವು ವಾರ ಹಳ್ಳಿಯಲ್ಲಿ ತಂಗುತ್ತಾರೆ. ದಾದಿ ಶಿಕ್ಷಣ ಮತ್ತಿತರ ಕೋರ್ಸುಗಳ ವಿದ್ಯಾರ್ಥಿಗಳೂ ಅವರೊಡನಿರುತ್ತಾರೆ. ಮನೆಮನೆಗೆ ಹೋಗಿ ಕುಟುಂಬ, ಆದಾಯ, ನೀರು, ಸಾಲ, ಕಾಯಿಲೆಗಳ ವಿವರ ಸಂಗ್ರಹಿಸುವುದು ಅವರ ಕೆಲಸ. ಚಿಕಿತ್ಸೆ ನೀಡುವ ಯಾವ ಅರ್ಹತೆಯೂ ಇಲ್ಲದ ಕಾಲದಲ್ಲಿ ಊರನ್ನು ನೋಡಿಸುವುದರಲ್ಲಿ ಒಂದು ಜಾಣ್ಮೆಯಿದೆ. ಕೊಡಲು ಏನೂ ಇಲ್ಲದವನು ಕೇಳಲೇಬೇಕಾಗುತ್ತದೆ.

ಕರ್ನಾಟಕದಲ್ಲಿ ಇದಕ್ಕೆ ಸಮಾನಾಂತರವಾದ ಒಂದು ಪ್ರಯೋಗ ನಡೆಯಿತು. ಬೆಂಗಳೂರಿನಲ್ಲಿ 1963ರಲ್ಲಿ ಆರಂಭವಾದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಇದೇ ವಿಭಾಗದ ನೆರವಿನಿಂದ 1973ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ ಆರೋಗ್ಯ ಸಹಕಾರ ವ್ಯವಸ್ಥೆಯೊಂದು ಹುಟ್ಟಿಕೊಂಡಿತು. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ರೇಷ್ಮೆ ಮತ್ತು ಹೈನುಗಾರಿಕೆ ಅಲ್ಲಿಯ ಜನರ ಜೀವನಾಧಾರ. ಊರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹಾಕಿದ ಪ್ರತಿ ಲೀಟರ್ ಹಾಲಿನ ಮೇಲೆ ಕೆಲವೇ ಪೈಸೆಗಳನ್ನು ಹಿಡಿದು ಅದನ್ನು ಆರೋಗ್ಯ ಕೇಂದ್ರದ ವೆಚ್ಚಕ್ಕೆ ಬಳಸುವುದು ಯೋಜನೆಯ ತಿರುಳು. ವೆಲ್ಲೂರಿನದು ಮಿಷನ್ ಸಂಸ್ಥೆಯೊಂದು ಊರಿಗೆ ಚಾಚಿದ ಕೈಯಾದರೆ ಮಳ್ಳೂರಿನದು ಊರೇ ತನ್ನ ಹಾಲಿನಿಂದ ಕೊಂಡುಕೊಂಡ ಸೇವೆ. ಸ್ವಾವಲಂಬನೆಯ ದೃಷ್ಟಿಯಿಂದ ಇದು ಒಂದು ಹೆಜ್ಜೆ ಮುಂದಿತ್ತು. ಆದರೆ ಹಾಲು ಹಾಕಲು ಹಸು ಬೇಕು, ಹಸು ಸಾಕಲು ಮೇವು ಬೇಕು, ಮೇವಿಗೆ ನೆಲ ಬೇಕು. ಹಸುವಿಲ್ಲದ ಕೂಲಿಯವನಿಗೆ ಇಂಥ ಸಹಕಾರದಲ್ಲಿ ಯಾವ ಸ್ಥಾನ ಎಂಬ ಪ್ರಶ್ನೆಯನ್ನು ಎದುರಿಸದೆ ಅದರ ಮೌಲ್ಯಮಾಪನ ಸಾಧ್ಯವಿಲ್ಲ.

1975ರ ಶ್ರೀವಾಸ್ತವ ಸಮಿತಿ, 1978ರ ಆಲ್ಮ ಆಟ ಘೋಷಣೆಗಳ ಕಾಲಕ್ಕೆ ಈ ವಿಚಾರಗಳು ಸರ್ಕಾರಿ ನೀತಿಯ ಭಾಷೆಯನ್ನೂ ಪ್ರವೇಶಿಸಿದವು. ವೈದ್ಯಕೀಯ ಶಿಕ್ಷಣಕ್ಕೆ ಹೊಸ ದಿಕ್ಕು ಕಾಣಿಸುವ 1977ರ ಯೋಜನೆಯು ಪ್ರತಿ ವೈದ್ಯಕೀಯ ಕಾಲೇಜೂ ಮೂರು ಬ್ಲಾಕುಗಳ ಹೊಣೆ ಹೊರಬೇಕೆಂದು ವಿಧಿಸಿತು. ಬ್ರಿಟನ್ನಿನ ನೆರವಿನಿಂದ ಬಂದ ಭಾರಿ ಸಂಚಾರಿ ವಾಹನಗಳು ಕಾಲೇಜುಗಳಿಗೆ ಹಂಚಿಕೆಯಾದವು. ಆ ಗಾತ್ರದ ಗಾಡಿ ಹಳ್ಳಿಯ ದಾರಿಗೆ ಹೊಂದದು ಎಂಬ ಟೀಕೆಯೂ ಬೇಗನೆ ಕೇಳಿಬಂದಿತು. ಅದೇ 1977ರಲ್ಲಿ ವೆಲ್ಲೂರಿನ ಸಂಸ್ಥೆ ಕೆ.ವಿ. ಕುಪ್ಪಂ ಬ್ಲಾಕಿನಲ್ಲಿ ಗ್ರಾಮೀಣ ಆರೋಗ್ಯ ಮತ್ತು ಸಾಮಾಜಿಕ ಸಮಸ್ಯೆಗಳಿಗೆಂದೇ ಮತ್ತೊಂದು ಘಟಕವನ್ನು ಆರಂಭಿಸಿ, ಆರೋಗ್ಯದ ಜೊತೆಗೆ ಜೀವನೋಪಾಯದ ತರಬೇತಿಯನ್ನೂ ಕೈಗೆತ್ತಿಕೊಂಡಿತು.

ಇಂಥ ಕಾರ್ಯಕ್ಷೇತ್ರಗಳನ್ನು ಕುರಿತು ಒಂದು ಆಕ್ಷೇಪಣೆ ಹಳೆಯದು. ದೊಡ್ಡ ಆಸ್ಪತ್ರೆಯ ನೆರಳಿನಲ್ಲಿರುವ ಬ್ಲಾಕಿನ ಸಾಧನೆಯನ್ನು ನೆರೆಯ ಬ್ಲಾಕಿನಲ್ಲಿ ಸರ್ಕಾರಿ ಸಿಬ್ಬಂದಿಯಿಂದ ನಿರೀಕ್ಷಿಸಲಾಗದು, ಆದ್ದರಿಂದ ಅದು ದ್ವೀಪವೇ ಹೊರತು ಮಾದರಿಯಲ್ಲ ಎಂಬುದು ಅದರ ಸಾರ. ಇದರಲ್ಲಿ ತಥ್ಯವಿದೆ. ಆದರೆ ದ್ವೀಪದಿಂದಲೂ ಒಂದು ಪ್ರಯೋಜನವುಂಟು. ಅಲ್ಲಿ ನಿಂತು ಅಳೆದರೆ ಸುತ್ತಲಿನ ನೀರು ಎಷ್ಟು ಆಳವೆಂದು ತಿಳಿಯುತ್ತದೆ. ಕಣಿಯಂಬಾಡಿಯ ದಾಖಲೆಗಳಿಂದ ಹೊರಬಿದ್ದ ಅತ್ಯಂತ ಮಹತ್ವದ ಸಂಗತಿ ಇಂಥದು.

ಭಾರತದಲ್ಲಿ ಹಳ್ಳಿಯ ಸಾವುಗಳ ಪೈಕಿ ವೈದ್ಯರು ಕಾರಣ ಬರೆದುಕೊಡುವ ಸಾವುಗಳು ಕಡಿಮೆ. ಈ ಕೊರತೆಯನ್ನು ತುಂಬಲು ಸಾವಿನ ನಂತರ ಮನೆಯವರನ್ನೂ ನೆರೆಯವರನ್ನೂ ಕಂಡು, ಕೊನೆಯ ದಿನಗಳ ವಿವರವನ್ನು ಕೇಳಿ ಕಾರಣ ನಿರ್ಧರಿಸುವ ಮೌಖಿಕ ಮರಣವಿಚಾರಣೆಯ ಪದ್ಧತಿಯನ್ನು ವಿಭಾಗ ಬಳಸಿತು. ಅಬ್ರಹಾಂ ಜೋಸೆಫ್, ಜಯಪ್ರಕಾಶ್ ಮುಳಿಯಿಲ್ ಮೊದಲಾದವರು 1994ರಿಂದ 1999ರವರೆಗಿನ ದಾಖಲೆಗಳನ್ನು ಪರಿಶೀಲಿಸಿ 2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ ಆ ಬ್ಲಾಕಿನಲ್ಲಿ ಆತ್ಮಹತ್ಯೆಯ ಪ್ರಮಾಣ ವರ್ಷಕ್ಕೆ ಲಕ್ಷಕ್ಕೆ ಸುಮಾರು 95. ಆಗಿನ ಅಧಿಕೃತ ರಾಷ್ಟ್ರೀಯ ಪ್ರಮಾಣ ಲಕ್ಷಕ್ಕೆ ಸುಮಾರು 11. ಮರುವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ 1992ರಿಂದ 2001ರವರೆಗೆ ಮೃತರಾದ 10ರಿಂದ 19ರ ವಯಸ್ಸಿನವರನ್ನು ಕುರಿತದ್ದು. ಆ ವಯಸ್ಸಿನ ಹುಡುಗರಲ್ಲಿ ಪ್ರಮಾಣ ಲಕ್ಷಕ್ಕೆ 58, ಹುಡುಗಿಯರಲ್ಲಿ 148. ಹುಡುಗರ ಸಾವುಗಳಲ್ಲಿ ಸುಮಾರು ಕಾಲುಭಾಗ, ಹುಡುಗಿಯರ ಸಾವುಗಳಲ್ಲಿ ಅರ್ಧದಿಂದ ಮುಕ್ಕಾಲು ಭಾಗ ಆತ್ಮಹತ್ಯೆಗಳು. ಮನೆಯ ಕಲಹ, ಕೌಟುಂಬಿಕ ಹಿಂಸೆ, ಪರೀಕ್ಷೆಯ ಸೋಲು, ಕೈಗೂಡದ ಪ್ರೇಮ, ಮಾನಸಿಕ ಕಾಯಿಲೆ ಇವುಗಳನ್ನು ಅಧ್ಯಯನ ಹಿನ್ನೆಲೆಯಾಗಿ ಗುರುತಿಸಿತು.

ಕಣಿಯಂಬಾಡಿ ದೇಶದ ಉಳಿದ ಭಾಗಕ್ಕಿಂತ ಒಂಬತ್ತು ಪಟ್ಟು ದುಃಖಿತವಾದ ಊರೆಂದು ಇದರಿಂದ ಯಾರೂ ತೀರ್ಮಾನಿಸುವಂತಿಲ್ಲ. ತಮಿಳುನಾಡಿನಲ್ಲಿ ಪ್ರಮಾಣ ಹೆಚ್ಚಿರುವುದು ನಿಜವಾದರೂ ವ್ಯತ್ಯಾಸದ ದೊಡ್ಡ ಪಾಲು ಲೆಕ್ಕ ಇಡುವ ಕ್ರಮದಿಂದ ಬಂದುದು. ಆತ್ಮಹತ್ಯೆಯ ಅಧಿಕೃತ ಸಂಖ್ಯೆ ಪೊಲೀಸ್ ಠಾಣೆಗಳ ದಾಖಲೆಯಿಂದ ಬರುತ್ತದೆ. ಮಗಳು ಸತ್ತ ಮನೆಯವರು ಠಾಣೆಗೆ ಹೋಗಿ ಆ ಪದವನ್ನು ಹೇಳಬಯಸುವುದಿಲ್ಲ. ಮರಣೋತ್ತರ ಪರೀಕ್ಷೆಯ ಭಯ, ಉಳಿದ ಹೆಣ್ಣುಮಕ್ಕಳ ಮದುವೆಯ ಚಿಂತೆ, ಮೊಕದ್ದಮೆಯ ಹೆದರಿಕೆ ಎಲ್ಲವೂ ಸೇರುತ್ತವೆ. ಹೊಟ್ಟೆನೋವು, ಜ್ವರ ಎಂದು ಹೇಳಿ ಅಂತ್ಯಕ್ರಿಯೆ ಮುಗಿಸುತ್ತಾರೆ. ಠಾಣೆಗೆ ಹೇಳದ ಮಾತನ್ನು ಅವರು ಬಸಿರು ಬಾಣಂತನಗಳಲ್ಲಿ ಮನೆಗೆ ಬಂದುಹೋಗುತ್ತಿದ್ದ ಹೆಂಗಸಿಗೆ ಹೇಳಿದರು. ಪ್ರಶ್ನಾವಳಿಯನ್ನು ಎಲ್ಲಿ ಬೇಕಾದರೂ ಅಚ್ಚು ಮಾಡಬಹುದು, ಆ ನಂಬಿಕೆಯನ್ನು ಅಚ್ಚು ಮಾಡಲಾಗದು. ಹೆರಿಗೆಯ ಸಾವುಗಳನ್ನು ತಡೆಯಲು ಹೊರಟ ವ್ಯವಸ್ಥೆ, ಹೆರಿಗೆಯಲ್ಲಿ ಸಾಯದೆ ಬೆಳೆದುಬಂದ ಹೆಣ್ಣುಮಕ್ಕಳು ಮತ್ತೊಂದು ಕಾರಣಕ್ಕೆ ಸಾಯುತ್ತಿರುವುದನ್ನು ಕಂಡುಹಿಡಿಯಿತು. ವಿಭಾಗವು ತನ್ನನ್ನು ಸೊಳ್ಳೆ ನೊಣಗಳ ಪಾಠಕ್ಕೆ ಸೀಮಿತಗೊಳಿಸಿಕೊಂಡಿದ್ದರೆ ಈ ಸಾವುಗಳು ಜ್ವರದ ಲೆಕ್ಕದಲ್ಲಿಯೇ ಉಳಿಯುತ್ತಿದ್ದವು.

ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧವೆಂದು ಪರಿಗಣಿಸುತ್ತಿದ್ದ ಭಾರತೀಯ ದಂಡಸಂಹಿತೆಯ 309ನೆಯ ಕಲಂ ಈ ಮೌನಕ್ಕೆ ಒಂದು ಕಾರಣವಾಗಿತ್ತು. 2017ರ ಮಾನಸಿಕ ಆರೋಗ್ಯ ಸಂರಕ್ಷಣಾ ಕಾಯಿದೆ ಅಂಥವರನ್ನು ತೀವ್ರ ಮಾನಸಿಕ ಒತ್ತಡಕ್ಕೆ ಒಳಗಾದವರೆಂದು ಭಾವಿಸಿ ಆರೈಕೆ ನೀಡಬೇಕೆಂದಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಂ ಇಲ್ಲ. ಸರ್ಕಾರಿ ನೌಕರನ ಕರ್ತವ್ಯಕ್ಕೆ ತಡೆಯೊಡ್ಡಲು ಅಥವಾ ಅವನನ್ನು ಬಲವಂತಪಡಿಸಲು ಮಾಡುವ ಪ್ರಯತ್ನ ಮಾತ್ರ ಅಪರಾಧವಾಗಿ ಉಳಿದಿದೆ. ಪ್ರತಿಯೊಬ್ಬ ವೈದ್ಯ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ಭೇಟಿ ನೀಡುತ್ತಿರಬೇಕೆಂಬ ನಿಯಮ ದೇಶದ ಕಾಲೇಜುಗಳಿಗೆಲ್ಲ ಅನ್ವಯಿಸಿದ್ದು, ಕರ್ನಾಟಕದ ಕಾಲೇಜುಗಳೂ ಅದನ್ನು ಪಾಲಿಸುತ್ತಿವೆ. ಆತ್ಮಹತ್ಯೆಗಳ ರಾಷ್ಟ್ರೀಯ ಅಂಕಿಅಂಶ ಮಾತ್ರ ಇಂದಿಗೂ ಪೊಲೀಸ್ ದಾಖಲೆಗಳಿಂದಲೇ ಸಿದ್ಧವಾಗುತ್ತಿದೆ.